ಗುರುವಾರದ ಚೀಟಿ

ತೀರಿಕೊಂಡ ನನ್ನ ಹಿರಿಯ ಸಹೋದ್ಯೋಗಿಯ ಬಗ್ಗೆ ನಾನು ಈಗಾಗಲೇ ಎರಡು ಪುಟ ಬರೆದುಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಿ, ನಮ್ಮ ಕಾಲೇಜು ಹೊರತರುತ್ತಿರುವ ನೆನಪಿನ ಪುಸ್ತಕಕ್ಕೆ. ಅವರ ಸಮಯಪಾಲನೆ, ಓದಿನ ಹಸಿವು, ವಿದ್ಯಾರ್ಥಿಗಳ ಮೇಲಿನ ಅಕ್ಕರೆ ಎಲ್ಲ ಅದರಲ್ಲಿದೆ. ಒಂದು ಸುಳ್ಳೂ ಇಲ್ಲ. ಹಾಗಿದ್ದೂ ಅದನ್ನು ಕಳಿಸಿದ ದಿನದಿಂದ ನನಗೆ ಒಂದು ಕಡೆ ಕೂತಿರಲು ಆಗುತ್ತಿಲ್ಲ. ಈಗ ಹೈದರಾಬಾದಿನ ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಗೆಂದು ಮತ್ತೆ ಬರೆಯಲು ಕೂತಿದ್ದೇನೆ. ಕಾಲೇಜಿನಲ್ಲಿ ಕನ್ನಡ ಓದಬಲ್ಲವರು ಯಾರೂ ಇಲ್ಲ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆಯೇ ಎಂಬ ಅನುಮಾನವೂ ಪಕ್ಕದಲ್ಲೇ ಕೂತಿದೆ.

ನನ್ನ ನೆನಪನ್ನು ನಾನು ನಂಬುವುದಿಲ್ಲ. ಸಂಶೋಧನೆಯ ಐದು ವರ್ಷಗಳಲ್ಲಿ ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಮುಖ್ಯವಾಗಿ ಅದನ್ನೇ: ಸಾಕ್ಷಿ ಹೇಳುವವನಿಗೆ ಆ ಸಾಕ್ಷಿಯಿಂದ ಏನು ಲಾಭ ಎಂದು ಮೊದಲು ಕೇಳು. ಇಲ್ಲಿ ಸಾಕ್ಷಿ ನಾನೇ ಆದ್ದರಿಂದ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ನಮ್ಮದು ಲಿಂಗಂಪಲ್ಲಿ ಕಡೆಯ ಒಂದು ಖಾಸಗಿ ಪದವಿ ಕಾಲೇಜು. ಅವರು ಇತಿಹಾಸ, ನಾನು ರಾಜ್ಯಶಾಸ್ತ್ರ. ಅವರು ಲಿಂಗಸುಗೂರು ಕಡೆಯವರು, ಸರ್ಕಾರಿ ಕಾಲೇಜಿನಲ್ಲಿ ನಿವೃತ್ತರಾಗಿ, ಮಗಳು ಇಲ್ಲಿದ್ದಾಳೆಂದು ಹೈದರಾಬಾದಿಗೆ ಬಂದು ನಮ್ಮಲ್ಲಿ ಸೇರಿದ್ದರು. ಅವರದೂ ನನ್ನದೂ ಆಗ ವರ್ಷವರ್ಷಕ್ಕೆ ನವೀಕರಿಸುವ ನೌಕರಿ. ಸ್ಟಾಫ್ ರೂಮಿನಲ್ಲಿ ಮನೆಮಾತು ಕನ್ನಡವಾಗಿದ್ದವರು ನಾವಿಬ್ಬರೇ. ನನ್ನ ಪಿಎಚ್‌ಡಿ ಅವರಿಗೆ ಒಂದು ತಮಾಷೆಯ ವಸ್ತು. "ಏನ್ರೀ ಡಾಕ್ಟರ್ ಸಾಹೇಬ್ರ, ಇವತ್ತು ಯಾವುದರ ಮ್ಯಾಲೆ ಸಂಶಯ?" ಎಂದೇ ಅವರು ಒಳಗೆ ಬರುತ್ತಿದ್ದುದು. ಒಮ್ಮೆ ನಾನು, "ಸರ್, ಹೊರಗ ಮಳಿ ಬರಾಕತ್ತೈತಿ" ಎಂದಾಗ, ಕಿಟಕಿಯಿಂದ ಕೈ ಹೊರಗೆ ಚಾಚಿ, ಒದ್ದೆ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದು, "ಇದಕ್ಕ ಒಂದು ಅಡಿಟಿಪ್ಪಣಿ ಹಾಕ್ರಿ" ಎಂದಿದ್ದರು.

ದಿನಾ ನಾಲ್ಕು ಪತ್ರಿಕೆ ಓದುತ್ತಿದ್ದರು: ತೆಲುಗು, ಉರ್ದು, ಇಂಗ್ಲಿಷು, ಜೊತೆಗೆ ಒಂದು ದಿನ ಹಳೆಯದಾಗಿ ಕೈಸೇರುವ ಕನ್ನಡದ್ದು. ಉರ್ದು ಅವರ ತಂದೆಯ ಬಳುವಳಿ. ನಾಲ್ಕನ್ನೂ ಮೇಜಿನ ಮೇಲೆ ಹರಡಿ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಸುದ್ದಿಗೆ ಪೆನ್ಸಿಲಿನಿಂದ ಸುತ್ತು ಹಾಕುವುದು ಅವರ ಬೆಳಗಿನ ಕೆಲಸ. "ಬಂದದ್ದನ್ನ ಎಲ್ಲಾರೂ ಓದ್ತಾರ. ಏನು ಬಂದಿಲ್ಲ ಅದನ್ನ ಓದ್ರಿ" ಎನ್ನುತ್ತಿದ್ದರು. ಹಾಗೆ ಓದಲು ನಾನೂ ಪ್ರಯತ್ನಪಟ್ಟೆ. ಕಣ್ಣು ನೋವು ಬಂತು.

ಅವರ ಅಚ್ಚುಮೆಚ್ಚಿನ ಪಾಠ ಅಮೆರಿಕದ ಮೊದಲ ವರ್ಷಗಳದು. ಒಂದು ದಿನ ನನಗೆ ತರಗತಿ ಇಲ್ಲದಿದ್ದಾಗ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಪತ್ರಿಕೆಯ ಸ್ವಾತಂತ್ರ್ಯಕ್ಕೆ ಕೈ ಹಚ್ಚುವುದಿಲ್ಲ ಎಂದು ಆ ದೇಶ ತನ್ನ ಸಂವಿಧಾನದಲ್ಲಿ ಬರೆದುಕೊಂಡು ಆಗಿನ್ನೂ ಏಳು ವರ್ಷ. ಅಷ್ಟರಲ್ಲಿ, ಹದಿನೇಳುನೂರ ತೊಂಬತ್ತೆಂಟರಲ್ಲಿ, ರಾಜದ್ರೋಹದ ಕಾಯ್ದೆ ಬಂತು. ಅಧ್ಯಕ್ಷನ ಮೇಲೆ, ಶಾಸನಸಭೆಯ ಮೇಲೆ ಕೆಟ್ಟದ್ದು ಬರೆದರೆ ಜೈಲು. ಇದನ್ನು ತೆಲುಗಿನಲ್ಲಿ ವಿವರಿಸಿ, ಒಂದು ಕ್ಷಣ ತಡೆದು, ಹಿಂದಿನ ಬೆಂಚಿನ ಕಡೆ ನೋಡಿ ನನಗಾಗಿ ಕನ್ನಡದಲ್ಲಿ ಹೇಳಿದರು: "ಉಪಾಧ್ಯಕ್ಷನ್ನ ಬೈದ್ರ ನಡೀತೈತ್ರಿ! ಅವನ ಹೆಸರು ಕಾಯ್ದೆದಾಗ ಇಲ್ಲ. ಯಾಕಂದ್ರ ಅಂವ ಎದುರು ಪಾರ್ಟಿಯವ." ಅಷ್ಟೇ ಅಲ್ಲ, ಅಧ್ಯಕ್ಷನ ಅವಧಿ ಮುಗಿಯುವ ಹೊತ್ತಿಗೆ ಕಾಯ್ದೆಯೂ ಮುಗಿಯುವಂತೆ ಬರೆದಿದ್ದರಂತೆ. ಮುಂದೆ ಎದುರು ಪಾರ್ಟಿ ಬಂದರೆ ಅದೇ ಕತ್ತಿ ತಮ್ಮ ಕುತ್ತಿಗೆಗೆ ಬರಬಾರದಲ್ಲ.

ಆ ದಿನ ಅವರು ಹೇಳಿದ ಕುಡುಕನ ಕಥೆ ಕಾಲೇಜಿಗೆಲ್ಲ ಹಬ್ಬಿತು. ಒಂದು ಊರಿನಲ್ಲಿ ಅಧ್ಯಕ್ಷ ಹಾದುಹೋಗುವಾಗ ಗೌರವಕ್ಕೆ ತೋಪು ಹಾರಿಸುತ್ತಾರೆ. ಹೆಂಡದಂಗಡಿಯ ಹತ್ತಿರ ಇದ್ದ ಒಬ್ಬ, ಆ ಗುಂಡು ಅಧ್ಯಕ್ಷನ ಕುಂಡಿಗೇ ಬಡಿದರೂ ನನಗೇನೂ ಬೇಜಾರಿಲ್ಲ ಎಂಬರ್ಥದ ಮಾತಾಡುತ್ತಾನೆ. ಅಂಗಡಿಯವನ ಕಿವಿಗೆ ಅದು ಬೀಳುತ್ತದೆ, ಮಾತು ಕೋರ್ಟಿನವರೆಗೆ ಹೋಗುತ್ತದೆ, ಕುಡುಕನಿಗೆ ಶಿಕ್ಷೆಯಾಗುತ್ತದೆ. ಹುಡುಗರು ಬೆಂಚು ಬಡಿದು ನಗುತ್ತಿದ್ದಾಗ ಇವರು ತೆಲುಗಿನಲ್ಲೇ ಕೇಳಿದರು: "ಇದರಲ್ಲಿ ತಪ್ಪಿತಸ್ಥ ಯಾರು? ಕುಡುಕನಾ, ಜಡ್ಜನಾ, ಅಂಗಡಿಯವನಾ?"

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು, "ಪಕ್ಕದಲ್ಲಿ ಕೂತು ಕೇಳಿದವರು ಸಾರ್. ಅಲ್ಲಿ ನಕ್ಕಿರ್ತಾರೆ. ಕೋರ್ಟಿನಲ್ಲಿ ನಾವು ನಗಲೇ ಇಲ್ಲ ಅಂದಿರ್ತಾರೆ" ಎಂದಳು.

ಉತ್ತರ ಮನಸ್ಸಿಗೆ ಹಿಡಿಸಿದರೆ ಅವರು ಚಾಕ್‌ಪೀಸನ್ನು ಅಂಗಿಯ ಜೇಬಿಗೆ ಹಾಕಿ, ಗಂಟೆ ಬಾರಿಸುವ ಮೊದಲೇ ತರಗತಿ ಬಿಡುತ್ತಿದ್ದರು. ಆವತ್ತು ಹತ್ತು ನಿಮಿಷ ಮೊದಲೇ ಬಿಟ್ಟರು. ಅವರ ಅಂಗಿಗಳ ಜೇಬುಗಳೆಲ್ಲ ಬೆಳ್ಳಗಿರುತ್ತಿದ್ದವು.

ಸ್ಟಾಫ್ ರೂಮಿನ ಹೊರಗೆ ಒಂದು ಮರದ ಬೋರ್ಡಿತ್ತು. ಅದರ ಮೇಲೆ ಅವರ ಗೋಡೆ ಪತ್ರಿಕೆ. ಪ್ರತಿ ಸೋಮವಾರ ಒಂದು ಹಾಳೆ: ಹಳೆಯ ಅಮೆರಿಕದ ಯಾವುದಾದರೂ ಪತ್ರಿಕೆಯಿಂದಲೋ ಕರಪತ್ರದಿಂದಲೋ ನಾಲ್ಕು ಸಾಲು, ಇಂಗ್ಲಿಷಿನಲ್ಲೂ ತೆಲುಗಿನಲ್ಲೂ. ಹೆಸರು, ಊರು, ಇಸವಿ ಎಲ್ಲ ತೆಗೆದಿರುತ್ತಿದ್ದರು. ಯಾರು, ಯಾರನ್ನು, ಯಾವಾಗ ಬೈದದ್ದು ಎಂದು ಹುಡುಗರು ಊಹಿಸಬೇಕು. ಗುರುವಾರ ಮಧ್ಯಾಹ್ನ ಅದರ ಕೆಳಗೆ ಉತ್ತರದ ಚೀಟಿ ಚುಚ್ಚುವುದು. ಬರೆದವನಿಗೆ ಆಮೇಲೆ ಏನಾಯಿತು ಎಂಬುದೂ ಅದರಲ್ಲಿ ಇರುತ್ತಿತ್ತು. ಸೋಮವಾರವೇ ಚೀಟಿ ಬರೆದು, ಮಡಚಿ, ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. "ನನ್ನ ಹತ್ರ ಇದ್ರ ಹುಡುಗ್ರು ಕಾಡ್ತಾರ, ನಾನು ಬಾಯಿ ಬಿಡ್ತೀನಿ. ನಿಮ್ಮ ಹತ್ರ ಇದ್ರ ಭದ್ರ. ನೀವು ಯಾರ ಮುಂದೂ ಏನೂ ಹೇಳಂಗಿಲ್ಲ." ಗುರುವಾರ ಚುಚ್ಚುವ ಕೆಲಸ ನನ್ನದು. ಎರಡು ವರ್ಷ ಮಾಡಿದೆ.

ಆರು ವರ್ಷದ ಹಿಂದಿನ ಒಂದು ಸೋಮವಾರ ಹಾಕಿದ ಹಾಳೆಯಲ್ಲಿ, ಜನಹಿತವೆಲ್ಲ ಅಧಿಕಾರದ ಹಪಾಹಪಿಯಲ್ಲಿ ಮುಳುಗಿಹೋಗಿದೆ, ನಗೆಪಾಟಲಿನ ಆಡಂಬರಕ್ಕೂ ಮುಖಸ್ತುತಿಗೂ ಕೊನೆಯಿಲ್ಲ ಎಂಬರ್ಥದ ಸಾಲುಗಳಿದ್ದವು. ಬರೆದವನು ಅಮೆರಿಕದ ಶಾಸನಸಭೆಯ ಒಬ್ಬ ಸದಸ್ಯ. ಬೈದದ್ದು ಎರಡನೆಯ ಅಧ್ಯಕ್ಷನನ್ನು. ಆದರೆ ಹಾಳೆಯಲ್ಲಿ ಅದು ಇರಲಿಲ್ಲ. ಅದೇ ವಾರ ನಮ್ಮ ಕಡೆಯ ನಾಯಕರೊಬ್ಬರ ಹುಟ್ಟುಹಬ್ಬ. ಸ್ಟೇಷನ್ನಿನಿಂದ ಕಾಲೇಜಿನ ಗೇಟಿನವರೆಗೆ ಕಂಬಕ್ಕೊಂದು ಫ್ಲೆಕ್ಸು, ಪ್ರತಿಯೊಂದರಲ್ಲೂ ಆನೆ ಗಾತ್ರದ ಅದೇ ನಗುಮುಖ. ಗೇಟಿನೊಳಗೆ ಬಂದು ಬೋರ್ಡು ಓದಿದವರಿಗೆ ಬೇರೆ ಯಾರು ನೆನಪಾಗಬೇಕು?

ಅವರು ಬೇಕೆಂದೇ ಆ ಸಾಲು ಆರಿಸಿದರೋ, ಸರದಿಯಲ್ಲಿ ಅದೇ ಬಂದಿತ್ತೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

ಬುಧವಾರ ಹಾಳೆಯ ಫೋಟೋ ಫೋನುಗಳಲ್ಲಿ ಓಡಾಡತೊಡಗಿತು. ಸಂಜೆ ಆಗಿನ ವೈಸ್ ಪ್ರಿನ್ಸಿಪಾಲರು, ಈಗ ಅವರೇ ಪ್ರಿನ್ಸಿಪಾಲರು, ಸ್ಕೂಟರ್ ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ, "ಆ ಬೋರ್ಡಿಗೂ ನಿಮಗೂ ಏನೂ ಸಂಬಂಧ ಇಲ್ಲ ತಾನೆ ಸಾರ್?" ಎಂದರು. ನಾನು ನಕ್ಕೆ. ಏನು ಹೇಳಿದೆನೋ ನೆನಪಿಲ್ಲ. ನಕ್ಕದ್ದು ನೆನಪಿದೆ.

ಮರುದಿನ ಗುರುವಾರ. ಆ ದಿನದ್ದು ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನನಗೆ ಜ್ವರ, ಮಣಿಕೊಂಡದ ಮನೆಯಲ್ಲಿ ಹೊದ್ದು ಮಲಗಿದ್ದೇನೆ. ಇನ್ನೊಂದರಲ್ಲಿ ಬೋರ್ಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೇನೆ. ಯಾರೋ ಹೊರಗಿನ ಇಬ್ಬರು ಹಾಳೆಯ ಚಿತ್ರ ತೆಗೆಯುತ್ತಿದ್ದಾರೆ. ಚೀಟಿ ನನ್ನ ಜೇಬಿನಲ್ಲಿದೆ. ನಾನು ತಿರುಗಿ ತರಗತಿಗೆ ಹೋಗುತ್ತೇನೆ. ಬಹಳ ವರ್ಷ ಮೊದಲನೆಯದನ್ನೇ ಇಟ್ಟುಕೊಂಡಿದ್ದೆ. ಮೊನ್ನೆ ಹೆಂಡತಿಯನ್ನು ಕೇಳಿದೆ. "ಜ್ವರ ಬಂದಿದ್ದು ಮುಂದಿನ ವಾರರಿ. ಎಲ್ಲಾ ಮುಗದ ಮ್ಯಾಲೆ. ಮೂರು ದಿನ ಮಾತೇ ಆಡಿರಲಿಲ್ಲ ನೀವು" ಎಂದಳು.

ಶುಕ್ರವಾರ ಲಿಖಿತ ದೂರು ಬಂತು. ಅದೇ ದಿನ ಆಡಳಿತ ಮಂಡಳಿಯ ಇಬ್ಬರು ಮತ್ತು ವೈಸ್ ಪ್ರಿನ್ಸಿಪಾಲರು ಸೇರಿ ವಿಚಾರಣೆ. ಮೊದಲು ಅವರನ್ನು ಕರೆದರು. ಬಾಗಿಲು ಅರ್ಧ ತೆರೆದಿತ್ತು, ನಾನು ಹೊರಗಿನ ಕುರ್ಚಿಯಲ್ಲಿದ್ದೆ. ಯಾರನ್ನು ಉದ್ದೇಶಿಸಿ ಇದನ್ನು ಹಾಕಿದಿರಿ ಎಂದು ಕೇಳಿದರು. "ಬರೆದು ಇನ್ನೂರು ವರ್ಷದ ಮೇಲಾಯಿತು. ಇವತ್ತು ಯಾರಿಗೆ ಚುಚ್ಚುತ್ತಿದೆಯೋ ಅವರನ್ನು ಕೇಳಿ" ಎಂದು ತೆಲುಗಿನಲ್ಲಿ ಅವರು ಹೇಳಿದ್ದು ಚೆನ್ನಾಗಿ ಕೇಳಿಸಿತು. ಹಾಗಾದರೆ ಉತ್ತರ ಯಾಕೆ ಹಾಕಲಿಲ್ಲ, ಗುರುವಾರ ಹಾಕುವ ಪದ್ಧತಿ ಇದೆಯಲ್ಲ, ಎಂದು ಮುಂದಿನ ಪ್ರಶ್ನೆ. ಅದಕ್ಕೆ ಅವರ ಉತ್ತರ ನನಗೆ ಕೇಳಿಸಲಿಲ್ಲ. ಇದ್ದಕ್ಕಿದ್ದಂತೆ ದನಿ ತಗ್ಗಿಸಿದ್ದರು. ತರಗತಿಯಲ್ಲಿ ಎರಡು ಕೋಣೆ ದಾಟಿ ಕೇಳಿಸುವ ದನಿ ಅದು.

ಆಮೇಲೆ ನನ್ನ ಸರದಿ. "ಉತ್ತರದ ಚೀಟಿ ನಿಮಗೆ ಕೊಟ್ಟಿದ್ದರಾ?" ಎಂದು ಮಂಡಳಿಯವರು ತೆಲುಗಿನಲ್ಲಿ ಕೇಳಿದರು. "ಗುರ್ತು ಲೇದಂಡಿ" ಎಂದೆ. ನೆನಪಿಲ್ಲ ಎಂದು. ವೈಸ್ ಪ್ರಿನ್ಸಿಪಾಲರು ತಲೆಯಾಡಿಸಿ ಬರೆದುಕೊಂಡರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅವರ ನೌಕರಿ ಆ ವರ್ಷ ನವೀಕರಣವಾಗಲಿಲ್ಲ. ನನ್ನದಾಯಿತು. ಬೋರ್ಡಿನ ಮೇಲೆ ಈಗ ಪರೀಕ್ಷೆಯ ವೇಳಾಪಟ್ಟಿ ಹಾಕುತ್ತಾರೆ.

ಕೊನೆಯ ದಿನ ನಾವಿಬ್ಬರೂ ಕಾಲೇಜಿನೆದುರಿನ ಇರಾನಿ ಹೋಟೆಲಿಗೆ ಹೋದೆವು. ನಾನು ಬಾಯಿ ತೆರೆದೆ: "ಸರ್, ಆ ಚೀಟಿ..."

"ಚಹಾ ಆರಾಕತ್ತೈತಿ, ಕುಡೀರಿ" ಎಂದರು.

ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾತು ತೆಗೆದರು. "ಆ ಕಾಯ್ದೆದಾಗ ಒಂದು ಭಾರೀ ಮಾತಿತ್ತು ಡಾಕ್ಟರ್ ಸಾಹೇಬ್ರ. ಬರದಿದ್ದು ಖರೇ ಅಂತ ಸಾಬೀತು ಮಾಡಿದ್ರ ಶಿಕ್ಷೆ ಇಲ್ಲ. ಭಾಳ ಉದಾರಿಗಳು! ಆದ್ರ ಒಬ್ಬ ಮನಶ್ಯಾಗ ಆಡಂಬರದ ಹುಚ್ಚು ಐತಿ ಅಂತ ಹ್ಯಾಂಗ ಸಾಬೀತು ಮಾಡ್ತೀರಿ? ಯಾರನ್ನ ಸಾಕ್ಷಿ ಕರೀತೀರಿ?" ಜೋರಾಗಿ ನಕ್ಕರು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆಮೇಲೆ, ನಿಮಗೂ ಮನೆ ಇದೆ, ಮಕ್ಕಳಿದ್ದಾರೆ ಎಂಬಂಥದ್ದೇನೋ ಹೇಳಿದರು ಎಂದು ನನ್ನ ನೆನಪು. ಇದನ್ನು ಮಾತ್ರ ನಾನು ನಂಬಲಾರೆ. ನನಗೆ ತೀರಾ ಅನುಕೂಲವಾದ ಮಾತು ಅದು. ಅವರು ಹೇಳದಿದ್ದರೂ ನಾನೇ ಅವರ ಬಾಯಲ್ಲಿ ಇಟ್ಟಿರಬಹುದು.

ಆಮೇಲಿನ ಆರು ವರ್ಷದಲ್ಲಿ ಅವರ ಮನೆಗೆ ಹೋದದ್ದು ಮೂರು ಸಲವೋ ನಾಲ್ಕು ಸಲವೋ. ಕಾಲೇಜಿಗೂ ಅವರ ಮನೆಗೂ ನಡೆದೇ ಹೋಗುವಷ್ಟು ದೂರ. ಒಂದು ಸಲದ್ದು ಚೆನ್ನಾಗಿ ನೆನಪಿದೆ. ಅವರು ಎಂದಿನಂತೆ ನಾಲ್ಕು ಪತ್ರಿಕೆ ಹರಡಿಕೊಂಡು ಕೂತಿದ್ದರು. ನಾನು ಯಾವುದೋ ಮದುವೆ ಕಾಗದ ಅವರ ಕೈಗೆ ಕೊಡಹೋದೆ. ಅವರ ಹೆಂಡತಿ ಅಡುಗೆಮನೆಯಿಂದಲೇ, "ಅವರ ಕೈಯಾಗ ಕೊಡಬ್ಯಾಡ್ರಿ, ಇಲ್ಲೆ ಕೊಡ್ರಿ. ಅವರು ಮರೀತಾರ. ಈಗ ಗುಳಿಗಿ ಚೀಟಿನೂ ನಾ ಅವರ ಹತ್ರ ಬಿಡಂಗಿಲ್ಲ" ಎಂದರು. ಇವರು ನನ್ನನ್ನು ನೋಡಿ ಸಣ್ಣಗೆ ನಕ್ಕು ಪುಟ ತಿರುವಿದರು. ನನಗೆ ಅರ್ಥವಾಗಲಿಲ್ಲ. ಐದು ನಿಮಿಷದ ಹಿಂದಷ್ಟೇ ಅವರು, ನಾನು ಮರೆತೇಬಿಟ್ಟಿದ್ದ ಒಬ್ಬ ಹಳೆಯ ವಿದ್ಯಾರ್ಥಿಯ ಹೆಸರು, ಅವನ ಊರು, ಅವನ ಅಣ್ಣನ ಸೈಕಲ್ ಅಂಗಡಿ ಎಲ್ಲ ಹೇಳಿ, ಅವನು ಈಗ ಏನು ಮಾಡುತ್ತಿದ್ದಾನೆ ಎಂದು ವಿಚಾರಿಸಿದ್ದರು. ಮದುವೆ ಕಾಗದವನ್ನು ಅವರ ಹೆಂಡತಿಯ ಕೈಗೆ ಕೊಟ್ಟು ಬಂದೆ.

ಹೋದ ತಿಂಗಳು ತೀರಿಕೊಂಡರು. ಎದೆನೋವು, ಆಸ್ಪತ್ರೆಯಲ್ಲಿ ಎರಡು ದಿನ. ಮಣ್ಣಿಗೆ ನಾನೂ ಹೋಗಿದ್ದೆ. ಕಾಲೇಜಿನಿಂದ ಹಾರ ಬಂದಿತ್ತು.

ಮೊನ್ನೆ ಭಾನುವಾರ ಬೆಳಿಗ್ಗೆ ಅವರ ಮಗಳು ಫೋನ್ ಮಾಡಿದರು. ನೆನಪಿನ ಪುಸ್ತಕಕ್ಕೆ ಪ್ರಿನ್ಸಿಪಾಲರು ಬರೆದ ಮುನ್ನುಡಿಯನ್ನು ಮನೆಯವರಿಗೂ ಕಳಿಸಿದ್ದರಂತೆ. ಕೊನೆಯ ವರ್ಷಗಳಲ್ಲಿ ಮರೆವು ಅವರನ್ನು ಕಾಡುತ್ತಿತ್ತು, ಅದರಿಂದಾದ ಒಂದು ಸಣ್ಣ ಅಚಾತುರ್ಯದಿಂದ ಅವರು ಕಾಲೇಜು ಬಿಡಬೇಕಾಯಿತು ಎಂದು ಅದರಲ್ಲಿ ಇದೆ.

"ಅದು ಯಾವ ಅಚಾತುರ್ಯರಿ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಅದಾ ರೀ, ಆ ಉತ್ತರದ ಚೀಟಿ. ನಿಮಗ ಕೊಡೋದನ್ನ ಅಪ್ಪಾಜಿ ಮರತಿದ್ರಲ್ಲ. ವಿಚಾರಣೆದಾಗ ಅವರ ಹೇಳಿದ್ರಂತ: ನಾನ ಕೊಡೂದು ಮರತೆ, ಅವರದೇನೂ ತಪ್ಪಿಲ್ಲ ಅಂತ. ಮನ್ಯಾಗೂ ಹಂಗ ಹೇಳಿದ್ರು. ಆವತ್ತಿನಿಂದ ಅಮ್ಮ ಅವರ ಕೈಯಾಗ ಒಂದು ಕಾಗದ ಕೊಡಲಿಲ್ಲ ನೋಡ್ರಿ. ಅಮ್ಮ ಅಂತಾಳ, ಇದ್ದದ್ದ ಬರದಾರ, ಇರಲಿ ಬಿಡು ಅಂತ. ಆದ್ರ ನನಗ ಒಂಥರಾ ಆಗಾಕತ್ತೈತ್ರಿ. ಪುಸ್ತಕದಾಗ ಅಚ್ಚಾಗತೈತಿ, ಕಾಯಂ ಉಳೀತೈತಿ. ನೀವು ಅಲ್ಲೇ ಇದ್ರಲ್ರಿ. ಅಪ್ಪಾಜಿ ಖರೇನ ಅಷ್ಟು ಮರೀತಿದ್ರೇನ್ರಿ?"

"ನೆನಪ ಮಾಡ್ಕೊಂಡು ಹೇಳ್ತೀನ್ರಿ" ಎಂದೆ.

ನಾಲ್ಕು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ನಾಚಿಕೆಯಾದರೂ ಬರೆಯುತ್ತೇನೆ, ಆ ಫೋನು ಇಟ್ಟ ಮೊದಲ ಗಳಿಗೆಯಲ್ಲಿ ನನಗಾದದ್ದು ಸಮಾಧಾನ. ಅವರು ಕೊಡಲೇ ಇಲ್ಲದಿದ್ದರೆ? ಅವರೇ ಹಾಗೆ ಹೇಳಿದ್ದಾರೆ, ಬರೆದುಕೊಂಡ ದಾಖಲೆ ಇದೆ, ಮನೆಯವರು ನಂಬಿದ್ದಾರೆ. ಇದರ ಎದುರಿಗೆ ಇರುವುದು ಒಂದೇ, ಮಡಚಿದ ಕಾಗದದ ಒಂದು ನೆನಪು. ಆ ಚೀಟಿಯಲ್ಲಿ, ಬರೆದವನು ನಾಲ್ಕು ತಿಂಗಳು ಜೈಲಿನಲ್ಲಿದ್ದ, ಜೈಲಿನಿಂದಲೇ ಚುನಾವಣೆ ಗೆದ್ದ ಎಂದು ಅವರ ಓರೆ ಅಕ್ಷರದಲ್ಲಿ ಓದಿದ ಹಾಗಿದೆ. ಆದರೆ ಅದನ್ನು ಆಮೇಲೆ ಬೇರೆ ಪುಸ್ತಕದಲ್ಲೂ ಓದಿರಬಹುದು. ಎರಡನ್ನೂ ನೆನಪು ಒಂದೇ ಕಡೆ ಅಂಟಿಸಿರಬಹುದು. ಹೀಗೆ ಸೋಮವಾರ, ಮಂಗಳವಾರ ಕಳೆದವು. ಯಾವ ವಿಧಾನದಿಂದ ನೋಡಿದರೂ ಪ್ರಶ್ನೆ ಬಗೆಹರಿಯಲಿಲ್ಲ. ಬಗೆಹರಿಯದೆ ಇರಲಿ ಎಂದು ನಾನೇ ನೋಡಿಕೊಳ್ಳುತ್ತಿದ್ದೆ ಎಂದು ತಿಳಿಯಲು ಬುಧವಾರದವರೆಗೆ ಬೇಕಾಯಿತು.

ಕ್ಲಾಸಿನಲ್ಲಿ ಪಾಠ ಮಾಡುತ್ತಿರುವಾಗ ಹೊಳೆಯಿತು. ಈ ಸಂಶಯವೆಲ್ಲ ಇವತ್ತಿನದು. ಆ ದಿನ, ಆ ಕೋಣೆಯಲ್ಲಿ, ನನಗೆ ಯಾವ ಸಂಶಯವೂ ಇರಲಿಲ್ಲ. ಆಗ ಅದು ನಾಲ್ಕು ದಿನದ ಹಿಂದಿನ ಮಾತು, ಆರು ವರ್ಷದ ಹಿಂದಿನದಲ್ಲ. ಅವರು ಕೊಟ್ಟಿರದಿದ್ದರೆ ನಾನು "ಕೊಟ್ಟಿಲ್ಲ" ಎನ್ನುತ್ತಿದ್ದೆ. ಅದೇ ನನಗೆ ಸುರಕ್ಷಿತವಾದ ಉತ್ತರ. ಅದನ್ನು ಬಿಟ್ಟು "ನೆನಪಿಲ್ಲ" ಎಂದದ್ದು, ಕೊಟ್ಟಿದ್ದರು ಎಂದು ಗೊತ್ತಿದ್ದುದರಿಂದಲೇ. ಅಷ್ಟು ದೊಡ್ಡ ಸುಳ್ಳು ಹೇಳುವ ಧೈರ್ಯ ಇರಲಿಲ್ಲ, ಸಣ್ಣದು ಸಾಕಾಯಿತು.

ಹುಡುಗರು ಕಾಯುತ್ತಿದ್ದರು.

ಇವತ್ತು ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಗೆ ಹೋದೆ. ನನ್ನ ಎರಡು ಪುಟಗಳಿಗೆ ಸೇರಿಸಬೇಕಾದ ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಬರೆದು ತಂದಿದ್ದೆ. ಚೀಟಿಯನ್ನು ಅವರು ಸೋಮವಾರವೇ ನನಗೆ ಕೊಟ್ಟಿದ್ದರು, ಚುಚ್ಚದೆ ಉಳಿದವನು ನಾನು, ವಿಚಾರಣೆಯಲ್ಲಿ ನಾನು ಹೇಳಿದ್ದು ನಿಜವಲ್ಲ, ಮುನ್ನುಡಿಯಲ್ಲಿನ ಮರೆವಿನ ಮಾತನ್ನು ತೆಗೆಯಬೇಕು. ಇಷ್ಟೇ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದೆಲ್ಲ ಈಗ ಯಾಕೆ ಸಾರ್? ದೊಡ್ಡವರು, ಹೋಗಿಬಿಟ್ಟರು. ಅವರೇ ಒಪ್ಪಿಕೊಂಡಿದ್ದ ವಿಷಯ. ನೀವು ಈಗ ಕಾಯಂ ಆಗಿದ್ದೀರಿ, ಡಿಪಾರ್ಟ್‌ಮೆಂಟು ನಿಮ್ಮದು. ಮ್ಯಾನೇಜ್‌ಮೆಂಟಿಗೆ ಇದನ್ನ ಹೇಗೆ ತೋರಿಸಲಿ?" ಎಂದರು. ಆಮೇಲೆ, ನನಗೆ ಒಂದು ದಾರಿ ಮಾಡಿಕೊಡುವವರ ಹಾಗೆ, ದನಿ ಮೆತ್ತಗೆ ಮಾಡಿ ತೆಲುಗಿನಲ್ಲಿ ಕೇಳಿದರು: "ಆರು ವರ್ಷದ ಮಾತು. ನಿಮಗೆ ಸರಿಯಾಗಿ ನೆನಪಿದೆಯಾ?"

"ಗುರ್ತುಂದಂಡಿ" ಎಂದೆ. ನೆನಪಿದೆ ಎಂದು.

ಅವರು ಕಾಗದವನ್ನು ಡ್ರಾಯರಿಗೆ ಹಾಕಿಕೊಂಡರು. ಅಚ್ಚಾಗುತ್ತದೋ ಇಲ್ಲವೋ ಹೇಳಲಿಲ್ಲ. ನನ್ನ ನೌಕರಿಯ ಮಾತನ್ನೂ ಆಡಲಿಲ್ಲ. ಹೊರಗೆ ಬಂದೆ. ಈಗ ಮಾಡಿದ್ದು ಧೈರ್ಯವೇನೂ ಅಲ್ಲ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ಅದಕ್ಕಿಂತ ಕಷ್ಟದ್ದು ಇನ್ನೂ ಬಾಕಿ ಇತ್ತು. ಮೆಟ್ಟಿಲ ಕೆಳಗೆ, ಯಾರೂ ಓಡಾಡದ ಕಡೆ ನಿಂತು ಅವರ ಮಗಳಿಗೆ ಫೋನ್ ಮಾಡಿದೆ.

"ನಿಮ್ಮ ಅಪ್ಪಾಜಿ ಏನೂ ಮರತಿರಲಿಲ್ರಿ" ಎಂದೆ. ಉಳಿದದ್ದನ್ನೂ ಹೇಳಿದೆ. ಪ್ರಿನ್ಸಿಪಾಲರ ಮುಂದೆ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಆಗಿದ್ದದ್ದು ನಮ್ಮ ಮಾತಿನಲ್ಲಿ ಬಹಳ ಉದ್ದವಾಯಿತು.



"ಆರು ವರ್ಷ ಆತ್ರಿ" ಎಂದರು ಮಗಳು. ದನಿಯಲ್ಲಿ ಸಿಟ್ಟಿತ್ತೋ ಅಳುವಿತ್ತೋ ತಿಳಿಯಲಿಲ್ಲ. "ಇದನ್ನ ನನಗ ಹೇಳಿ ಉಪಯೋಗಿಲ್ಲ. ಅಮ್ಮಗ ಹೇಳ್ರಿ. ನೀವ ಹೇಳಬೇಕು. ಇಲ್ಲೇ ಕುಂತಾಳ, ಕೊಡ್ತೀನಿ."

ಬೇಡ ಎನ್ನುವಷ್ಟರಲ್ಲಿ ಫೋನು ಕೈ ಬದಲಾಯಿಸಿದ ಸದ್ದು. ಯಾರೋ ಟಿವಿಯ ದನಿ ಕಡಿಮೆ ಮಾಡಿದರು.

"ಯಾರ್ರೀ?" ಎಂದರು ಅವರ ಹೆಂಡತಿ.

ನಾನು ನನ್ನ ಹೆಸರು ಹೇಳಿದೆ.

"ಹಾಂ, ಹೇಳ್ರಿ ಸರ್. ಕೇಳಾಕತ್ತೀನಿ."